ನದಿಯನ್ನು ಬಲ್ಲವರ ಮಾತು

ಸಾಲ್ಮನ್ ಮೀನು ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ನೀರಿಗೇ ಮರಳುತ್ತದೆ. ಅದರ ಬಂಧುವಾದ ಸ್ಟೀಲ್‌ಹೆಡ್ ಮೀನಿನದೂ ಇದೇ ಕ್ರಮ. ದಾರಿಗೆ ಅಣೆಕಟ್ಟು ಅಡ್ಡವಾದರೆ ಸಂತತಿಯೇ ಕ್ಷೀಣಿಸುತ್ತದೆ. ಅಮೆರಿಕದ ಪಶ್ಚಿಮ ಭಾಗದ ಕ್ಲಾಮತ್ ನದಿಯಲ್ಲಿ ಒಂದು ಶತಮಾನ ಕಾಲ ನಡೆದುದು ಇದೇ. 2002ರಲ್ಲಿ ಅಲ್ಲಿ ಹತ್ತಾರು ಸಾವಿರ ಮೀನುಗಳು ಸತ್ತು ತೇಲಿದವು. ಆ ಮೀನನ್ನೇ ನಂಬಿ ಬಾಳಿದ ಯುರೋಕ್, ಕರುಕ್ ಮೊದಲಾದ ಮೂಲನಿವಾಸಿಗಳು ಬಹುಕಾಲ ಪಟ್ಟುಹಿಡಿದು ಹೋರಾಡಿದರು. ಅದರ ಫಲವಾಗಿ 2023-24ರಲ್ಲಿ ನಾಲ್ಕು ಅಣೆಕಟ್ಟುಗಳನ್ನು ತೆಗೆಯಲಾಯಿತು. ಬರಿದಾದ ಜಲಾಶಯಗಳ ನೆಲದಲ್ಲಿ ಸ್ಥಳೀಯ ಸಸ್ಯಗಳ ಬೀಜ ಬಿತ್ತಲಾಯಿತು. 2024ರ ಅಕ್ಟೋಬರ್ ತಿಂಗಳಿನಲ್ಲೇ ಸಾಲ್ಮನ್ ಆ ಎಡೆಯನ್ನು ದಾಟಿ ಮೇಲಕ್ಕೆ ಈಜಿತು.

ಇದರಿಂದ ನಮಗೇನು ಎಂದು ಬೀದರಿನ ವಿದ್ಯಾರ್ಥಿ ಕೇಳಬಹುದು. ಭಾಲ್ಕಿ, ಔರಾದ, ಬೀದರ ತಾಲ್ಲೂಕುಗಳ ಮೂಲಕ ಹರಿದು ಗೋದಾವರಿಯನ್ನು ಸೇರುವ ಮಾಂಜ್ರಾ ನದಿಯಲ್ಲಿ ಸಾಲ್ಮನ್ ಇಲ್ಲ, ನಿಜ. ಆದರೆ ನಮ್ಮ ಗೆಂಡೆ ಜಾತಿಯ ಮೀನುಗಳೂ ಮುಂಗಾರಿನ ಹೊಸ ನೀರು ಬಂದಾಗ ಪ್ರವಾಹಕ್ಕೆದುರಾಗಿ ಏರಿ ಮೊಟ್ಟೆಯಿಡುತ್ತವೆ. ಬೇಸಗೆಯಲ್ಲಿ ಹರಿವು ನಿಂತಾಗ ಆಳವಾದ ಮಡುಗಳೇ ಅವಕ್ಕೆ ಆಶ್ರಯ. ಬ್ಯಾರೇಜಿನ ಮುಚ್ಚಿದ ಬಾಗಿಲು ಅವುಗಳ ದಾರಿಯನ್ನು ತಡೆಯುತ್ತದೆ. ಮಿತಿಮೀರಿ ಮರಳು ತೆಗೆದರೆ ನದಿಯ ತಳವೇ ಹಾಳಾಗುತ್ತದೆ.

ಹಾಗೆಂದು ನಮ್ಮ ಕಟ್ಟೆಗಳನ್ನೂ ಒಡೆಯಬೇಕೆಂಬುದು ನನ್ನ ವಾದವಲ್ಲ. ಕ್ಲಾಮತ್ ನದಿಯ ಆ ನಾಲ್ಕು ಕಟ್ಟೆಗಳಿದ್ದುದು ವಿದ್ಯುತ್ತಿಗಾಗಿ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯವಾದರೋ ಹೊಲಗಳಿಗೂ ಕುಡಿಯಲಿಕ್ಕೂ ನೀರು ಒದಗಿಸುತ್ತದೆ. ನಾವು ಕಲಿಯಬೇಕಾದ ಪಾಠ ಬೇರೆ: ನದಿಯ ಪುನರುದ್ಧಾರದಲ್ಲಿ ಮುಂದಾಳುಗಳಾಗಬೇಕಾದವರು ಅದನ್ನೇ ನಂಬಿದವರು.

ಜಲಾಶಯಕ್ಕೆ ಮೀನುಮರಿ ಬಿಡುವುದರಿಂದ ಬಲೆ ತುಂಬಬಹುದು; ಆದರೆ ನದಿಯ ಸ್ವಂತ ಸಂತತಿ ಅಷ್ಟರಿಂದಲೇ ಮರಳಲಾರದು. ಯಾವ ಮಡು ಏಪ್ರಿಲ್‌ನಲ್ಲೂ ಬತ್ತದು, ಯಾವ ಮಳೆಗೆ ಮೀನು ಏರುತ್ತದೆ ಎಂಬುದನ್ನು ತೀರದ ಮೀನುಗಾರನು ಬಲ್ಲನು. ಬ್ಯಾರೇಜುಗಳ ಬಾಗಿಲು ತೆರೆಯುವ ಕಾಲವನ್ನು ನಿರ್ಧರಿಸುವಾಗ ಎಂಜಿನಿಯರರ ಪಕ್ಕದಲ್ಲಿ ಅವನಿಗೂ ಸ್ಥಾನವಿರಬೇಕು. ಮೊದಲ ಪ್ರವಾಹದ ಕೆಲವು ದಿನಗಳಾದರೂ ಬಾಗಿಲು ತೆರೆದಿರಲಿ; ಪ್ರತಿ ತಾಲ್ಲೂಕಿನಲ್ಲಿ ಒಂದೆರಡು ಮಡುಗಳನ್ನು ಬಲೆಯಿಲ್ಲದ ತಾಣಗಳಾಗಿ ಮೀನುಗಾರರೇ ಕಾಯಲಿ. ಇದು ಅಸಾಧ್ಯವೇನಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಾಲಯದ ಬಳಿಯ ಕಪಿಲಾ ನದಿಯ ಮೀನುಗಳನ್ನು ಜನರು ತಾವಾಗಿಯೇ ಹಿಡಿಯದೆ ಉಳಿಸಿಕೊಂಡು ಬಂದಿದ್ದಾರೆ.

ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಕೆಲಸವೊಂದುಂಟು: ತಮ್ಮೂರಿನ ಹಿರಿಯ ಮೀನುಗಾರರನ್ನು ಕಂಡು, ಮಾಂಜ್ರಾ ನದಿಯ ಮಡುಗಳ ಮತ್ತು ಮೀನುಗಳ ಹೆಸರುಗಳನ್ನು ಬರೆದಿಡುವುದು. ಆ ಪಟ್ಟಿಯಿಲ್ಲದೆ ಯಾವ ಯೋಜನೆಯೂ ಪೂರ್ಣವಾಗದು.