ಉಣಿಸುವ ಮನೆ, ಕಲಿಸುವ ಮನೆ

ಕಾಳೀನದಿಯು ಕಡಲನ್ನು ಸೇರುವೆಡೆಯಲ್ಲಿ, ಸದಾಶಿವಗಡದ ಬೆಟ್ಟದ ನೆರೆಯಲ್ಲಿರುವ ಚಿತ್ತಾಕುಲವು ಬಹು ಹಳೆಯ ಊರು. ಪೋರ್ತುಗೀಜರ ಬರಹಗಳಲ್ಲಿ ‘ಸಿಂತಾಕೋರಾ’ ಎಂದು ಹೆಸರಾದ ಊರು. ಕಳೆದ ಬೇಸಗೆಯ ರಜೆಯಲ್ಲಿ ಅಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಎರಡು ದಿನ ತಂಗಿದ್ದೆನು. ಅಮೆರಿಕೆಯಲ್ಲಿರುವ ಅವನ ಮಗಳು ದೂರವಾಣಿಯಲ್ಲಿ ಮಾತನಾಡುತ್ತ, ತನ್ನ ನೆರೆಯ ಇಗರ್ಜಿಯ ಬುಧವಾರದ ಊಟದ ಸಂಗತಿಯನ್ನು ತಿಳಿಸಿದಳು.

ಆ ನಾಡಿನ ಅನೇಕ ಇಗರ್ಜಿಗಳಲ್ಲಿ ಭಾನುವಾರದ ಆರಾಧನೆಯಲ್ಲದೆ ವಾರದ ನಡುವೆ ಒಂದು ಸಂಜೆಯೂ ಜನ ಕೂಡುವ ರೂಢಿಯುಂಟು. ದುಡಿದು ಬಂದವರು ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತಿಸಬೇಕಾಗಿಲ್ಲ. ಸಭೆಯವರೇ ಸರದಿಯಂತೆ ಅಡುಗೆ ಮಾಡುತ್ತಾರೆ. ಮುದುಕರು, ಮಕ್ಕಳು, ಒಂಟಿಗರು ಎಲ್ಲರೂ ಕೂಡಿ ಉಣ್ಣುತ್ತಾರೆ. ಬಳಿಕ ಮಕ್ಕಳಿಗೊಂದು, ತರುಣರಿಗೊಂದು, ಹಿರಿಯರಿಗೊಂದು ಪಾಠ ನಡೆಯುತ್ತದೆ.

ಇದನ್ನು ಕೇಳಿದ ನನ್ನ ಶಿಷ್ಯನು, “ಗುರುಗಳೇ, ಇದು ಮತಕ್ಕೆ ಸೆಳೆಯುವ ಗಾಳವಲ್ಲವೇ?” ಎಂದನು. ಕಡಲ ತಡಿಯವನ ಬಾಯಲ್ಲಿ ಗಾಳದ ಮಾತು ಸಹಜವೇ. ಈ ಸಂದೇಹವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದನ್ನು ಪರೀಕ್ಷಿಸುವ ಬಗೆಯೊಂದಿದೆ. ಉಂಡವನು ಪಾಠಕ್ಕೆ ಕೂರದೆ ಎದ್ದುಹೋದರೂ ಮುಂದಿನ ವಾರ ಅವನಿಗೆ ಅದೇ ಆದರದಿಂದ ಬಡಿಸುವರೇ? ಬಡಿಸುವರಾದರೆ ಅದು ದಾಸೋಹ. ಪಾಠವೇ ಅನ್ನದ ಬೆಲೆಯಾದರೆ ಅದು ವ್ಯಾಪಾರ. ಈ ಒರೆಗಲ್ಲು ಇಗರ್ಜಿಗೆ ಮಾತ್ರವಲ್ಲ, ನಮ್ಮ ಮಠಗಳಿಗೂ ಸಲ್ಲುವಂಥದು.

ಕೂಡಿ ಉಣ್ಣುವುದು ಸುಲಭವೆಂದು ಯಾರೂ ಭಾವಿಸಬೇಕಾಗಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದುಳಿಯುತ್ತಿದ್ದರೆಂದು ಸಂತ ಪೌಲನು ತನ್ನ ಓಲೆಯಲ್ಲಿ ಗದರಿಸಿದ್ದಾನೆ. ನಾನೂ ಮಠದ ಅನ್ನವನ್ನುಂಡು ಅಕ್ಷರ ಕಲಿತವನು. ಒಂದೆಡೆ ಗಣ್ಯರಿಗೆ ಒಳಗಿನ ಪಂಕ್ತಿ, ನಮ್ಮಂಥ ಹುಡುಗರಿಗೆ ಹೊರಗಿನ ಪಂಕ್ತಿಯಿದ್ದುದನ್ನು ಕಂಡಿದ್ದೇನೆ. ಅಂದಿನ ವ್ಯಾಕರಣ ಪಾಠ ಮರೆತಿರಬಹುದು. ಆ ಪಂಕ್ತಿ ಕಲಿಸಿದ ಪಾಠ ಮರೆತಿಲ್ಲ.

‘ದಾಸೋಹಂ’ ಎಂದರೆ ‘ನಾನು ದಾಸನು’ ಎಂದರ್ಥ. ಬಡಿಸುವವನು ಬಾಗಬೇಕಲ್ಲದೆ ಉಣ್ಣುವವನಲ್ಲ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದರೆಂಬ ಕಥೆಯನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅನ್ನ ಬೇಯುವ ಮೊದಲೇ ಅಲ್ಲಿ ಪಾಠ ನಡೆದಿತ್ತು. ನಮ್ಮ ಕಾಲದಲ್ಲಿ ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಶಾಲೆಯ ಬಿಸಿಯೂಟಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟದ್ದೂ ಈ ಪರಂಪರೆಯ ಗೌರವವೇ ಸರಿ.

ಆದರೂ ಒಂದು ಕೊರತೆ ಉಳಿದಿದೆ. ನಮ್ಮ ಪಂಕ್ತಿಗಳಲ್ಲಿ ಮಗು ಉಂಡು ಓದುತ್ತದೆ. ಅದರ ತಾಯಿ ಹೊಸ್ತಿಲಾಚೆ ನಿಂತಿರುತ್ತಾಳೆ. ಚಿತ್ತಾಕುಲದ ಬೀದಿಗಳಲ್ಲಿ ಮೀನಿನ ಬುಟ್ಟಿ ಹೊತ್ತು ನಡೆವ ತಾಯಂದಿರ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಮಗುವಿನ ಪುಸ್ತಕ ಕನ್ನಡ. ಆ ಪುಸ್ತಕವನ್ನು ತಾಯಿಮಕ್ಕಳು ಕೂಡಿ ತೆರೆಯುವ ಠಾವು ಎಲ್ಲಿಯೂ ಇಲ್ಲ. ಘಟ್ಟದ ಮೇಲಿನ ನಮ್ಮ ಊರುಗಳ ಕೂಲಿಯ ಮನೆಗಳಲ್ಲಿ ಭಾಷೆ ಬೇರೆಯಲ್ಲದಿದ್ದರೂ ಇದೇ ಪಾಡು.

ಆದುದರಿಂದ ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ನನ್ನದೊಂದು ವಿನಂತಿ: ವಾರದ ನಡುವೆ ಒಂದು ಸಂಜೆ ನಮ್ಮ ಶಾಲೆಯ ಬಾಗಿಲು ಊರವರಿಗೆಲ್ಲ ತೆರೆಯಲಿ. ಅನ್ನ, ಸಾರು, ಒಂದು ಪಲ್ಯ ಸಾಕು. ಉಂಡ ಬಳಿಕ ಇಚ್ಛೆಯುಳ್ಳವರಿಗೆ ಒಂದು ಗಂಟೆ ಓದುಬರಹ, ಲೆಕ್ಕ, ಅರ್ಜಿ ಬರೆಯುವ ಕ್ರಮ, ಒಂದಿಷ್ಟು ವಚನವಿಚಾರ ನಡೆಯಲಿ. ಒಲ್ಲದವರು ಉಂಡು ಸುಖವಾಗಿ ಮನೆಗೆ ತೆರಳಲಿ. ಬಡಿಸುವ ಸರದಿ ಅಧ್ಯಾಪಕರಿಂದಲೇ ಮೊದಲಾಗಲಿ. ಕರಾವಳಿಯಲ್ಲಿ ಯಾರಾದರೂ ಇದನ್ನು ಕೈಗೊಳ್ಳುವುದಾದರೆ, ಯಾಂತ್ರಿಕ ದೋಣಿಗಳು ದಡ ಸೇರಿರುವ ಜೂನ್, ಜುಲೈ ತಿಂಗಳುಗಳೇ ಆರಂಭಕ್ಕೆ ತಕ್ಕ ಕಾಲ; ಆಗ ಮನೆಯವರಿಗೆ ಬಿಡುವೂ ಉಂಟು, ಒಲೆಗಳಿಗೆ ಬಡತನವೂ ಉಂಟು.

ಹೊರಗಿನವರ ಒಳ್ಳೆಯ ರೂಢಿಯನ್ನು ಕಂಡು ನಮ್ಮದನ್ನು ನೆನೆದುಕೊಳ್ಳುವುದು ಲಜ್ಜೆಯ ಸಂಗತಿಯಲ್ಲ. ನೆನೆದೂ ಸುಮ್ಮನಿರುವುದು ಲಜ್ಜೆ. ಅಕ್ಕಿ ನಮ್ಮಲ್ಲಿದೆ, ಅಕ್ಷರವೂ ಇದೆ. ವಾರಕ್ಕೊಂದು ಸಂಜೆಯನ್ನು ಕೊಡುವುದಷ್ಟೇ ಉಳಿದಿದೆ.