ಕಾರ್ಡಿನ ಬೆಲೆ, ಕರೆಂಟಿನ ಬಿಲ್ಲು

ಗ್ರಾಫಿಕ್ಸ್ ಕಾರ್ಡಿಗೆ ಎರಡು ಬೆಲೆಗಳಿವೆ. ಒಂದು, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಕೊಡುವ ಬೆಲೆ. ಇನ್ನೊಂದು, ಅದನ್ನು ಘಾಟ್ಕೋಪರಿನ ಮನೆಗೆ ತಂದು ಹಗಲು ರಾತ್ರಿ ಓಡಿಸಿದ ಮೇಲೆ ತಿಂಗಳು ತಿಂಗಳೂ ತೆರುವ ಬೆಲೆ. ಆರು ಕಾರ್ಡುಗಳ ಸಣ್ಣ ರಿಗ್ ಕಟ್ಟಿ ಕ್ರಿಪ್ಟೊ ಗಣಿಗಾರಿಕೆಗೆ ಇಳಿಯಬೇಕೆನ್ನುವವರು ಮೊದಲನೆಯದರ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಸೋಲು ಗೆಲುವು ತೀರ್ಮಾನವಾಗುವುದು ಎರಡನೆಯದರಲ್ಲಿ.

‘ಗಣಿಗಾರಿಕೆ’ ಎಂಬ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಗೆದರೆ ಏನಾದರೂ ಸಿಕ್ಕೇ ಸಿಗುತ್ತದೆ ಎಂಬ ಆಸೆಯನ್ನು ಅದು ಹುಟ್ಟಿಸುತ್ತದೆ. 2008ರಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬಂದ ಬಿಟ್‌ಕಾಯಿನ್ ಪ್ರಬಂಧದಲ್ಲೂ ಚಿನ್ನದ ಗಣಿಗಾರರ ಹೋಲಿಕೆ ಇದೆ. ಆದರೆ ಇಲ್ಲಿ ಖರ್ಚಾಗುವುದು ಕಂಪ್ಯೂಟರಿನ ಸಮಯ ಮತ್ತು ವಿದ್ಯುತ್ತು ಎಂದು ಅಲ್ಲೇ ಹೇಳಿದೆ. ಆ ಹೋಲಿಕೆಯನ್ನು ಕನ್ನಡಿಗರು ಕೋಲಾರದವರೆಗೂ ಒಯ್ಯಬೇಕು. 2001ರಲ್ಲಿ ಕೆಜಿಎಫ್ ಮುಚ್ಚಿದಾಗ ನೆಲದಡಿಯ ಚಿನ್ನ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಯನ್ನು ಮೀರಿತ್ತು.

ಲೆಕ್ಕ ಹಾಕಿ ನೋಡೋಣ. ಎಥೀರಿಯಂ ಕಾಲದಲ್ಲಿ ಎರಡು ಕಾರ್ಡುಗಳು ಸಣ್ಣ ರಿಗ್‌ನವರ ಬಾಯಲ್ಲಿ ಸದಾ ಇರುತ್ತಿದ್ದವು: ಎಎಂಡಿಯ ಆರ್‌ಎಕ್ಸ್ 580 ಮತ್ತು ಎನ್‌ವಿಡಿಯಾದ ಜಿಟಿಎಕ್ಸ್ 1660 ಸೂಪರ್. ಎರಡರ ವೇಗವೂ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ ಸುಮಾರು 30 ಮೆಗಾಹ್ಯಾಶ್. ಹದಗೊಳಿಸಿ ಓಡಿಸಿದರೆ ಮೊದಲನೆಯದು ಸುಮಾರು 120 ವಾಟ್ ತಿನ್ನುತ್ತಿತ್ತು, ಎರಡನೆಯದು ಸುಮಾರು 80. ನಲವತ್ತೇ ವಾಟಿನ ಅಂತರ ತಾನೇ ಎನಿಸಬಹುದು. ತಿಂಗಳಿಗೆ 720 ಗಂಟೆ ಓಡಿದರೆ ಅದು ಕಾರ್ಡೊಂದಕ್ಕೆ 29 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದು ಹಿಡಿದರೆ ಆರು ಕಾರ್ಡಿಗೆ ತಿಂಗಳಿಗೆ 1,700 ರೂಪಾಯಿ ದಾಟುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ ಹಳೆಯ ಕಾರ್ಡು ಕೆಲವೇ ತಿಂಗಳಲ್ಲಿ ದುಬಾರಿ ಕಾರ್ಡಾಗುವುದು ಹೀಗೆ.

ಇನ್ನು ಇಡೀ ರಿಗ್. ಕಡಿಮೆ ತಿನ್ನುವ ಕಾರ್ಡುಗಳನ್ನೇ ಹಾಕಿದರೂ ಮದರ್‌ಬೋರ್ಡು, ಫ್ಯಾನು ಎಲ್ಲ ಸೇರಿ 600 ವಾಟ್ ಎಂದುಕೊಳ್ಳೋಣ. ತಿಂಗಳಿಗೆ 432 ಯೂನಿಟ್, 4,320 ರೂಪಾಯಿ. ಮಹಾರಾಷ್ಟ್ರದಲ್ಲಿ ಮನೆಬಳಕೆಯ ದರ ಮೆಟ್ಟಿಲಿನಂತಿದೆ. 100, 300, 500 ಯೂನಿಟ್ ದಾಟುತ್ತಾ ಹೋದಂತೆ ಏರುತ್ತದೆ. ಮನೆಯ ದೀಪ, ಫ್ರಿಜ್ಜು, ಫ್ಯಾನು ಕೆಳಗಿನ ಮೆಟ್ಟಿಲುಗಳನ್ನು ಆಗಲೇ ಹಿಡಿದಿರುತ್ತವೆ. ರಿಗ್‌ನ ಯೂನಿಟ್ಟುಗಳು ಮೇಲಿನ ಮೆಟ್ಟಿಲಿಗೇ ಹೋಗುತ್ತವೆ. ಹಾಗಾಗಿ ಹಳೆಯ ಬಿಲ್ಲಿನ ಸರಾಸರಿ ದರ ನೋಡಿ ಲೆಕ್ಕ ಹಾಕಿದವರಿಗೆ ಹೊಸ ಬಿಲ್ಲು ಬಂದಾಗ ಗಾಬರಿ. ಆ 600 ವಾಟ್ ಅಷ್ಟೂ ಶಾಖವಾಗಿ ಹೊರಬರುತ್ತದೆ ಎಂಬುದು ಇನ್ನೊಂದು ಮಾತು. ಚಳಿದೇಶದಲ್ಲಿ ಅದು ಕೋಣೆ ಬೆಚ್ಚಗಿಡುತ್ತದೆ. ಮೇ ತಿಂಗಳ ಘಾಟ್ಕೋಪರಿನ ಒನ್ ರೂಮ್ ಕಿಚನ್‌ನಲ್ಲಿ ಅದನ್ನು ಓಡಿಸಲು ಎಸಿಗೆ ಮತ್ತೆ ದುಡ್ಡು ಕೊಡಬೇಕು.

ತೆರಿಗೆ ಇದಕ್ಕಿಂತ ಬಿಗಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ ಶೇ. 30 ತೆರಿಗೆ. ಗಣಿಗಾರಿಕೆಯ ಸಲಕರಣೆಗೆ ಮಾಡಿದ ವೆಚ್ಚವನ್ನು ಕೊಂಡ ಬೆಲೆ ಎಂದು ಕಳೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಅದೇ ವರ್ಷ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು. ಕಾರ್ಡಿನ ದುಡ್ಡು, ಕರೆಂಟಿನ ದುಡ್ಡು ಯಾವುದನ್ನೂ ಕಳೆಯಲಾಗದಿದ್ದರೆ, 4,320 ರೂಪಾಯಿ ಬಿಲ್ಲು ಕಟ್ಟುವುದಕ್ಕೇ ಸುಮಾರು 6,170 ರೂಪಾಯಿಯ ನಾಣ್ಯ ಮಾರಬೇಕು. ಸೆಸ್ ಬೇರೆ. ಕಾರ್ಡಿನ ಅಸಲು ಇನ್ನೂ ಹಾಗೇ ಉಳಿದಿರುತ್ತದೆ.

2020–21ರಲ್ಲಿ ಹಲವರು ಗಳಿಸಿದರಲ್ಲ ಎನ್ನಬಹುದು. ಗಳಿಸಿದ್ದು ನಿಜ. ಬೆಲೆ ಏರುತ್ತಿತ್ತು, ಎಥೀರಿಯಂಗೆ ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ಆಗಲೂ ನಿಯಮ ನಿಂತಲ್ಲಿ ನಿಂತಿರಲಿಲ್ಲ. 2020ರ ಕೊನೆಗೆ ಎಥೀರಿಯಂನ ದತ್ತಾಂಶದ ಗಾತ್ರ ಬೆಳೆದು 4 ಜಿಬಿ ಕಾರ್ಡುಗಳು ಹೊರಗುಳಿದವು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಗಣಿಗಾರಿಕೆಯನ್ನೇ ಕೈಬಿಟ್ಟಿತು. ಕೆಲಸ ಕಳೆದುಕೊಂಡ ಕಾರ್ಡುಗಳು ಎಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್‌ನಂಥ ಸಣ್ಣ ನಾಣ್ಯಗಳ ಕಡೆ ಒಮ್ಮೆಗೇ ನುಗ್ಗಿ, ಇದ್ದಷ್ಟೇ ರೊಟ್ಟಿಗೆ ಉಣ್ಣುವವರು ಹೆಚ್ಚಾದರು. ಬಿಟ್‌ಕಾಯಿನ್ ಅಂತೂ ಅದಕ್ಕೆಂದೇ ತಯಾರಾದ ಏಸಿಕ್ ಯಂತ್ರಗಳ ಪಾಲಾಗಿ ಒಂದು ದಶಕವೇ ಕಳೆದಿದೆ.

ಆದ್ದರಿಂದ ಮಿತವ್ಯಯದ ಕಾರ್ಡು ಯಾವುದು ಎಂಬ ಪ್ರಶ್ನೆಯನ್ನು ಹೀಗೆ ಕೇಳುವುದು ಮೇಲು: ಗಣಿಗಾರಿಕೆ ನಾಳೆಯೇ ನಿಂತರೆ ಈ ಕಾರ್ಡಿಗೆ ಮನೆಯಲ್ಲಿ ಬೇರೆ ಕೆಲಸ ಇದೆಯೇ? ವಿಡಿಯೊ ಎಡಿಟಿಂಗ್ ಮಾಡುವವರಿದ್ದರೆ, ತ್ರೀಡಿ ಕಲಿಯುವ ಮಗಳಿದ್ದರೆ, ಆ ಕೆಲಸಕ್ಕೆ ಸಾಕಾಗುವ ಒಂದು ಕಾರ್ಡು ತರಲಿ. ಬಿಡುವಿನಲ್ಲಿ ಗಣಿಗಾರಿಕೆಯ ಪ್ರಯೋಗವನ್ನೂ ಮಾಡಲಿ. ಪ್ಲಗ್ಗಿಗೆ ಒಂದು ವಾಟ್‌ಮೀಟರ್ ಹಾಕಿ ತಿಂಗಳು ನೋಡಿದರೆ ನಿಜಸಂಗತಿ ತಿಳಿಯುತ್ತದೆ. ಎರಡನೆಯ ಕಾರ್ಡಿನಿಂದ ಆರನೆಯದರವರೆಗೆ ಬೇರೆ ಯಾವ ಕೆಲಸವೂ ಇರುವುದಿಲ್ಲ. ಸಾಲ ಮಾಡಿ ಅಥವಾ ಮನೆಯ ಉಳಿತಾಯ ಒಡೆದು ಕೊಳ್ಳಬಾರದ್ದು ಆ ಐದನ್ನು.