ಜಾಮ್ ಆದ ಬೋಲ್ಟಿಗೆ ಅವಸರ ಸಲ್ಲದು
ತಳಿ ಸೀಮೆಯಲ್ಲಿ, ಗುಮ್ಮಳಾಪುರದಂಥ ಊರುಗಳಲ್ಲಿ, ತೆರೆದ ಬಾವಿಯ ಕಾಲದ ಡೀಸೆಲ್ ಎಂಜಿನ್ನು ನಿಮ್ಮ ಶೆಡ್ಡಿನ ಮೂಲೆಯಲ್ಲಿ ಕೂತಿದ್ದರೆ, ಬೋಲ್ಟು ಜಾಮ್ ಆಗಿದೆಯೆಂದು ಗುಜರಿಯವನ ತಕ್ಕಡಿಗೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ದುಪ್ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಮರೆಗಳ (ಥ್ರೆಡ್ಡುಗಳ) ಸಂದಿನಲ್ಲಿ ಉಬ್ಬಿ ನಟ್ಟನ್ನು ಕಚ್ಚಿ ಹಿಡಿಯುತ್ತದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಿದರೆ ಬಿಚ್ಚುವ ಮೊದಲೇ ಬೋಲ್ಟು ತುಂಡಾಗುವುದು ಇದಕ್ಕೇ. ವೈರ್ ಬ್ರಷ್ಷಿನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ಹದವಾಗಿ ಕುಟ್ಟಿ. ಆ ಅದುರಿಗೆ ತುಕ್ಕು ಬಿರಿದು ಎಣ್ಣೆ ಒಳಗಿಳಿಯುತ್ತದೆ. ಮೊದಲು ಒಂದಿಷ್ಟೇ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಬಿಗಿ. ಮಣಿಯದಿದ್ದರೆ ಎಣ್ಣೆ ಒರೆಸಿ, ಡೀಸೆಲ್ ಟ್ಯಾಂಕ್ ದೂರವಿಟ್ಟು, ನಟ್ಟನ್ನಷ್ಟೇ ಕಾಯಿಸಿ. ಮುರಿದೇ ಹೋದರೆ, ಉಳಿದ ತುಂಡಿನ ಮೇಲೆ ಹೊಸ ನಟ್ಟು ಕೂರಿಸಿ ಒಳಗಿನಿಂದ ವೆಲ್ಡ್ ಮಾಡಿಸುವುದು ನನ್ನ ಮೆಚ್ಚಿನ ದಾರಿ: ಹಿಡಿತ ಸಿಗುತ್ತದೆ, ಬಿಸಿಯೂ ತುಂಡಿಗೇ ಇಳಿಯುತ್ತದೆ. ಮುರಿದ ತುಂಡನ್ನು ತಿರುಗಿಸಿ ತೆಗೆಯುವ ಈಜಿ-ಔಟ್ ಬಗ್ಗೆ ಮಾತ್ರ ನನಗೆ ಭಯವೇ. ಅದು ಒಳಗೆ ಮುರಿದರೆ ಆ ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಬಿಟ್ ಕೊರೆಯಲಾರದು. ಮಲ್ಪೆಯ ದೋಣಿಗಳ ಔಟ್‌ಬೋರ್ಡ್ ಮೋಟರಿನ ಕಷ್ಟ ಇನ್ನೂ ದೊಡ್ಡದು: ಅಲ್ಯೂಮಿನಿಯಂ ಮೈ, ಸ್ಟೀಲ್ ಬೋಲ್ಟು, ನಡುವೆ ಉಪ್ಪುನೀರು, ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಬಿಗಿಯುತ್ತದೆ. ಬಿಸಿಗೆ ಅದು ಸಾದಾ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಅಲ್ಲಿ ಕಾಯಿಸಬೇಕಾದ್ದು ಬೋಲ್ಟಿನ ಸುತ್ತಲಿನ ಮೈಯನ್ನು.